ಕೂದಲೆಳೆಯ ಅರ್ಧದಷ್ಟು ಎಡೆ

ದೋಣಿಯ ಔಟ್‌ಬೋರ್ಡ್ ಎಂಜಿನ್ನನ್ನು ಬಿಚ್ಚಿ ಮರಳಿ ಜೋಡಿಸಲು ಕುಳಿತವನಿಗೆ ಪಿಸ್ಟನ್ನಿನ ಗೀರು, ಸಿಲಿಂಡರಿನ ಸವೆತ, ಗ್ಯಾಸ್ಕೆಟ್ಟಿನ ಬಿರುಕು ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುವಂಥವು. ಕನೆಕ್ಟಿಂಗ್ ರಾಡಿನ ಬೇರಿಂಗಿನ ವಿಚಾರವಾದರೋ ಹಾಗಲ್ಲ. ಅಲ್ಲಿ ಪರೀಕ್ಷೆಗೆ ನಿಲ್ಲುವುದು ಲೋಹವಲ್ಲ, ಎರಡು ಲೋಹಗಳ ನಡುವಿನ ಎಡೆ. ಅಂಗಡಿಯಲ್ಲಿ ದೊರೆಯುವ ಬೇರಿಂಗು ಎಷ್ಟೇ ಉತ್ಕೃಷ್ಟವಾಗಿರಲಿ, ಆ ಎಡೆ ತಪ್ಪಿದರೆ ಅದರ ಆಯುಷ್ಯ ಅತ್ಯಲ್ಪ.

ಪಿಸ್ಟನ್ನಿನ ಹೋಗಿಬರುವ ಚಲನೆಯನ್ನು ಭ್ರಮಣವನ್ನಾಗಿ ಪರಿವರ್ತಿಸತಕ್ಕ ಕೊಂಡಿಯೇ ಕನೆಕ್ಟಿಂಗ್ ರಾಡು. ಔಟ್‌ಬೋರ್ಡಿನಲ್ಲಿ ಕ್ರ್ಯಾಂಕು ನೆಟ್ಟಗೆ ನಿಂತಿರುವುದರಿಂದ ಪಿಸ್ಟನ್ನುಗಳು ಅಡ್ಡಲಾಗಿ ಚಲಿಸುತ್ತವೆ. ರಾಡಿನ ದೊಡ್ಡ ಕಣ್ಣು ಕ್ರ್ಯಾಂಕಿನ ಪಿನ್ನನ್ನು ಅಪ್ಪಿಕೊಂಡಿರುತ್ತದೆ. ನಿಮಿಷಕ್ಕೆ 5400 ಸುತ್ತು ಎಂದರೆ ಸೆಕೆಂಡಿಗೆ 90 ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ನನ್ನು ತಡೆದು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ಓಡಿಸುವ ಭಾರವನ್ನು ಈ ಕಣ್ಣಿನೊಳಗಿನ ಬೇರಿಂಗು ಹೊರಬೇಕು.

ಲೋಹದ ಮೇಲೆ ಲೋಹ ಇಂಥ ಭಾರದಲ್ಲಿ ಹೇಗೆ ಸುಡದೆ ಜಾರುತ್ತದೆಂಬುದನ್ನು ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರನು 1883ರಲ್ಲಿ ಆಕಸ್ಮಿಕವಾಗಿ ಕಂಡನು. ರೈಲ್ವೆ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದಾಗ ಎಣ್ಣೆ ಹಾಕಲೆಂದು ಅದರ ನೆತ್ತಿಯಲ್ಲಿ ಕೊರೆದ ರಂಧ್ರದಿಂದ, ಅಚ್ಚು ತಿರುಗತೊಡಗಿದೊಡನೆ, ಎಣ್ಣೆ ಒಳಕ್ಕಿಳಿಯುವ ಬದಲು ಮೇಲಕ್ಕೇ ಉಕ್ಕಿ ಬಂದಿತು. ಆತ ಮರದ ಬೆಣೆಯನ್ನು ಬಿಗಿದನು. ಬೆಣೆಯನ್ನೂ ಎಣ್ಣೆ ಹೊರಗೆ ತಳ್ಳಿತು. ಕೊನೆಗೆ ಒತ್ತಡಮಾಪಕವನ್ನು ಜೋಡಿಸಲಾಗಿ, ಬೇರಿಂಗಿನ ಮೇಲಿನ ಸರಾಸರಿ ಭಾರ ಚದರಂಗುಲಕ್ಕೆ ಸುಮಾರು 100 ಪೌಂಡುಗಳಷ್ಟಿದ್ದರೂ ಮುಳ್ಳು 200ನ್ನು ದಾಟಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾಗುವ ಎಡೆಯೊಳಕ್ಕೆ ಎಳೆದೊಯ್ದು, ಅದರ ಒತ್ತಡದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಇದನ್ನು ಗಣಿತಸೂತ್ರದಲ್ಲಿ ನಿರೂಪಿಸಿದನು. ಇಂದಿನ ನಾಲ್ಕು ಸ್ಟ್ರೋಕಿನ ಔಟ್‌ಬೋರ್ಡುಗಳಲ್ಲಿರುವ ಶೆಲ್ ಬೇರಿಂಗುಗಳು, ಎಂದರೆ ಅರ್ಧ ವೃತ್ತಾಕಾರದ ಎರಡು ತೆಳು ತಗಡುಗಳು, ಈ ತತ್ತ್ವದ ಆಧಾರದಿಂದಲೇ ಬಾಳುತ್ತವೆ. ಉಕ್ಕಿನ ಬೆನ್ನಿನ ಮೇಲೆ ತವರ ಬೆರೆತ ಅಲ್ಯೂಮಿನಿಯಮ್ ಮೊದಲಾದ ಮೃದುಲೋಹವನ್ನು ಬೆಸೆದು ಅವುಗಳನ್ನು ತಯಾರಿಸುತ್ತಾರೆ. ಪಂಪು ಸತತವಾಗಿ ಎಣ್ಣೆಯನ್ನೊದಗಿಸುತ್ತಿರಬೇಕು.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಈ ಭಾಗ್ಯವಿಲ್ಲ. ಅದರ ಕ್ರ್ಯಾಂಕ್‌ಕೇಸೇ ಮಿಶ್ರಣವನ್ನು ಹೀರಿ ಸಿಲಿಂಡರಿಗೆ ತಳ್ಳುವ ಪಂಪಾದುದರಿಂದ ಅಲ್ಲಿ ಎಣ್ಣೆ ತುಂಬಿಡಲು ಎಡೆಯಿಲ್ಲ. ಐವತ್ತು ಪಾಲು ಇಂಧನಕ್ಕೆ ಒಂದು ಪಾಲು ಬೆರೆಸಿದ ಎಣ್ಣೆ ಮಂಜಿನಂತೆ ಹಾಯ್ದುಹೋಗುವಷ್ಟೇ ಅಲ್ಲಿನ ಸ್ನೇಹನ. ಆದುದರಿಂದ ಜಾರಿಕೆಯನ್ನು ಬಿಟ್ಟು ಉರುಳಿಕೆಯನ್ನು ಆಶ್ರಯಿಸಬೇಕಾಯಿತು. ಬಂಡೆಯನ್ನು ಮರದ ಕೊರಡುಗಳ ಮೇಲೆ ಉರುಳಿಸುವಂತೆ ರಾಡು ಸೂಜಿಯಂಥ ರೋಲರುಗಳ ಮೇಲೆ ಉರುಳುತ್ತದೆ. ಶೇಕಡಾ ಒಂದರಷ್ಟು ಇಂಗಾಲ, ಒಂದೂವರೆಯಷ್ಟು ಕ್ರೋಮಿಯಮ್ ಇರುವ ಉಕ್ಕನ್ನು ಹದಗೊಳಿಸಿ ಮಾಡಿದ ಈ ರೋಲರುಗಳು ಪರಸ್ಪರ ಒಂದೆರಡು ಮೈಕ್ರಾನಿಗಿಂತ ಹೆಚ್ಚು ಭೇದವಿಲ್ಲದಂತೆ ವಿಂಗಡಿಸಲ್ಪಟ್ಟಿರುತ್ತವೆ. ಒಂದು ರೋಲರು ದಪ್ಪವಾದರೆ ಉಳಿದವುಗಳ ಭಾರವೂ ಅದರ ಮೇಲೆಯೇ ಬೀಳುವುದಷ್ಟೆ. ಹಳೆಯವುಗಳ ನಡುವೆ ನಾಲ್ಕು ಹೊಸವನ್ನು ಸೇರಿಸಿ ಉಳಿತಾಯವೆಂದು ತಿಳಿಯುವವರು ಇದನ್ನು ಗಮನಿಸತಕ್ಕದ್ದು. ಬದಲಿಸಿದರೆ ಇಡೀ ಸೆಟ್ಟನ್ನೇ ಬದಲಿಸಬೇಕು.

ಆದರೆ ಇಲ್ಲಿ ಮರೆಯಲಾಗದ ಸಂಗತಿಯೊಂದುಂಟು. ಸೂಜಿ ರೋಲರುಗಳಿಗೆ ಒಳಹಾದಿಯಾಗಿರುವುದು ಕ್ರ್ಯಾಂಕಿನ ಪಿನ್ನೇ, ಹೊರಹಾದಿಯಾಗಿರುವುದು ರಾಡಿನ ಕಣ್ಣೇ. ಆದ್ದರಿಂದ ಬೇರಿಂಗಿನ ಆಯ್ಕೆ ಪಿನ್ನಿನ ಪರೀಕ್ಷೆಯಿಂದಲೇ ಆರಂಭವಾಗಬೇಕು. ಉಪ್ಪುನೀರು ಒಳಹೊಕ್ಕಿದ್ದಲ್ಲಿ ರೋಲರುಗಳ ಅಂತರದಲ್ಲೇ ತುಕ್ಕಿನ ಗೆರೆಗಳು ಮೂಡಿರುತ್ತವೆ. ಎಣ್ಣೆ ಸಾಲದೆ ಕಾದಿದ್ದರೆ ಉಕ್ಕು ನೀಲಿಗಟ್ಟಿರುತ್ತದೆ, ಎಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ತನ್ನ ಕಾಠಿಣ್ಯವನ್ನು ಕಳೆದುಕೊಂಡಿರುತ್ತದೆ. ಉಗುರಿಗೆ ತಡೆಯುವ ಗೀರು ಅಥವಾ ನೀಲಿ ಛಾಯೆ ಇವೆರಡರಲ್ಲಿ ಯಾವುದಿದ್ದರೂ ಹೊಸ ಬೇರಿಂಗಿಗೆ ಹಣ ತೆರುವುದು ವ್ಯರ್ಥ. ಜಪಾನಿನ ಅನೇಕ ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಕ್ರ್ಯಾಂಕನ್ನು ತುಂಡುಗಳಾಗಿ ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿರುವುದರಿಂದ ಅದನ್ನು ಬಿಡಿಸಿ ಮತ್ತೆ ನೇರವಾಗಿ ಕೂಡಿಸುವುದು ನುರಿತವರ ಕೆಲಸ. ಅಮೆರಿಕದ ಅನೇಕ ಎಂಜಿನ್ನುಗಳಲ್ಲಿ ರಾಡಿನ ಟೋಪಿಯನ್ನು, ಎಂದರೆ ದೊಡ್ಡ ಕಣ್ಣಿನ ಬಿಚ್ಚಬಹುದಾದ ಅರ್ಧವನ್ನು, ಬೇಕೆಂದೇ ಮುರಿದು ಬೇರ್ಪಡಿಸಿರುತ್ತಾರೆ. ಮುರಿತದ ಒರಟು ಮುಖಗಳು ಒಂದಕ್ಕೊಂದೇ ಹೊಂದುವುದರಿಂದ ಒಂದು ರಾಡಿನ ಟೋಪಿಯನ್ನು ಇನ್ನೊಂದಕ್ಕೆ ಹಾಕಲಾಗದು, ಸಂದಿಗೆ ಅರ ಹಾಕುವುದಂತೂ ಸಲ್ಲದು.

ಶೆಲ್ ಬೇರಿಂಗಿನಲ್ಲಿ ಲೆಕ್ಕವೇ ಪ್ರಧಾನ. ಪಿನ್ನಿಗೂ ಬೇರಿಂಗಿಗೂ ನಡುವೆ ಇರಬೇಕಾದ ಎಡೆ ಪಿನ್ನಿನ ವ್ಯಾಸದ ಸಾವಿರದಲ್ಲೊಂದು ಪಾಲಿನ ಆಸುಪಾಸು. 40 ಮಿಲಿಮೀಟರಿನ ಪಿನ್ನಿಗೆ 0.03ರಿಂದ 0.04 ಮಿಲಿಮೀಟರು, ಅಂದರೆ ತಲೆಗೂದಲಿನ ಅರ್ಧ. ಹೆಚ್ಚಾದರೆ ಎಣ್ಣೆ ಸೋರಿಹೋಗಿ ಒತ್ತಡ ಕುಸಿಯುತ್ತದೆ. ಕಡಿಮೆಯಾದರೆ ಎಣ್ಣೆಗೆ ದಾರಿಯೇ ಇಲ್ಲದೆ ಲೋಹ ಸುಡುತ್ತದೆ. ರಾಡಿನ ಕಣ್ಣು 43.010 ಮಿಲಿಮೀಟರು, ಪಿನ್ನು 39.984 ಇದೆಯೆಂದು ಭಾವಿಸೋಣ. ವ್ಯತ್ಯಾಸ 3.026, ಅದರಲ್ಲಿ ಎಡೆಗೆಂದು 0.030 ಬಿಟ್ಟರೆ ಉಳಿದ 2.996ನ್ನು ಎರಡು ಶೆಲ್ಲುಗಳು ತುಂಬಬೇಕು, ಒಂದೊಂದು 1.498. ಕಣ್ಣು ನೂರರಲ್ಲೊಂದು ಮಿಲಿಮೀಟರಿನಷ್ಟು ದೊಡ್ಡದಾಗಿದ್ದಲ್ಲಿ ಒಂದೊಂದು ಶೆಲ್ಲೂ 1.503 ಆಗಬೇಕು. ಈ ಐದು ಮೈಕ್ರಾನುಗಳ ಭೇದಕ್ಕಾಗಿಯೇ ತಯಾರಕರು ಶೆಲ್ಲುಗಳ ಅಂಚಿಗೆ ಬಣ್ಣ ಬಳಿದು, ಕ್ರ್ಯಾಂಕಿನ ಮೇಲೂ ರಾಡಿನ ಮೇಲೂ ಸಂಕೇತಗಳನ್ನು ಒತ್ತಿ, ಎರಡನ್ನೂ ಹೊಂದಿಸಿ ಬಣ್ಣ ತಿಳಿಯುವ ಕೋಷ್ಟಕವನ್ನು ಕೈಪಿಡಿಯಲ್ಲಿ ಕೊಡುತ್ತಾರೆ. ಹಳೆಯ ಶೆಲ್ಲಿನ ಬಣ್ಣವನ್ನೇ ನೋಡಿ ಹೊಸದನ್ನು ತರಿಸುವ ಪದ್ಧತಿ ಅಪಾಯಕರ, ಏಕೆಂದರೆ ಅದು ಪಿನ್ನಿನ ಸವೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾಡನ್ನು ಕೈಯಿಂದ ಅಲುಗಿಸಿ "ಸರಿಯಿದೆ" ಎನ್ನುವುದು ಅದಕ್ಕಿಂತಲೂ ಕೆಟ್ಟದ್ದು; ನೂರರಲ್ಲೊಂದು ಮಿಲಿಮೀಟರನ್ನು ಬೆರಳು ಅಳೆಯಲಾರದು.

ಮೈಕ್ರೋಮೀಟರಿನ ಅಳತೆಯನ್ನು ಖಚಿತಪಡಿಸಿಕೊಳ್ಳಲು ಪ್ಲಾಸ್ಟಿಗೇಜ್ ಎಂಬ ಮೃದುವಾದ ದಾರವುಂಟು. ಎಣ್ಣೆ ಒರೆಸಿದ ಪಿನ್ನಿನ ಮೇಲೆ ತುಂಡನ್ನಿಟ್ಟು, ನಿಗದಿಯಾದ ಬಲದಿಂದ ಟೋಪಿಯನ್ನು ಬಿಗಿದು, ಕ್ರ್ಯಾಂಕನ್ನು ಕಿಂಚಿತ್ತೂ ತಿರುಗಿಸದೆ ಬಿಚ್ಚಿದರೆ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆಯೆಂಬುದೇ ಎಡೆಯನ್ನು ಹೇಳುತ್ತದೆ. ಶೆಲ್ಲಿನ ತುದಿಗಳು ಅರ್ಧ ವೃತ್ತಕ್ಕಿಂತ ತುಸು ಉದ್ದವಾಗಿರುವುದು ದೋಷವಲ್ಲ. ಬಿಗಿದಾಗ ಕಣ್ಣಿನ ಗೋಡೆಗೆ ಒತ್ತಿಕೊಂಡು ನಿಲ್ಲಲೆಂದೇ ಹಾಗೆ ಮಾಡಿರುತ್ತಾರೆ. ಅದನ್ನು ಉಜ್ಜಿದವನು ಬೇರಿಂಗು ಕಣ್ಣಿನೊಳಗೇ ಸುತ್ತಲು ಅನುವು ಮಾಡಿಕೊಟ್ಟಂತಾಯಿತು. ರಾಡು ಪಿಸ್ಟನ್ನಿಗೆ ಸೇರುವ ಚಿಕ್ಕ ಕಣ್ಣಿನ ವಿಷಯದಲ್ಲಿ ಇಷ್ಟು ಚಿಂತೆ ಬೇಕಿಲ್ಲ. ಅಲ್ಲಿ ರಾಡು ಪೂರ್ಣ ಸುತ್ತುವುದಿಲ್ಲ, ಓಲಾಡುವುದಷ್ಟೆ.

ಮಲ್ಪೆ, ಗಂಗೊಳ್ಳಿಗಳ ನಾಡದೋಣಿಗಳಲ್ಲಿ ಪೆಟ್ರೋಲಿನಿಂದ ಹೊತ್ತಿ ಸೀಮೆಎಣ್ಣೆಯಿಂದ ಓಡುವ ಎರಡು ಸ್ಟ್ರೋಕಿನ ಎಂಜಿನ್ನುಗಳಿಗೂ ಮೇಲಿನ ಮಾತು ಅನ್ವಯಿಸುತ್ತದೆ. ಬೆರಕೆಯ ಎಣ್ಣೆಯಲ್ಲಿ ಜಿಪುಣತನ ತೋರಿದರೆ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಸೂಜಿ ರೋಲರುಗಳೂ ಸೇರಿವೆ. ಜೋಡಿಸುವಾಗ ರೋಲರುಗಳಿಗೆ ಎಣ್ಣೆ ಸವರಿಯೇ ಕೂಡಿಸಬೇಕು. ಬಿಚ್ಚಿದ ರಾಡಿನ ಬೋಲ್ಟುಗಳನ್ನು ತಯಾರಕರು ಹೇಳಿದಲ್ಲಿ ಹೊಸದಾಗಿಯೇ ಹಾಕಬೇಕು. ಹೊಸ ಬೇರಿಂಗು ಹಾಕಿದ ಎರಡು ಸ್ಟ್ರೋಕಿನ ಎಂಜಿನ್ನಿಗೆ ಮೊದಲ ಗಂಟೆಗಳಲ್ಲಿ ಕೈಪಿಡಿ ಸೂಚಿಸಿದಂತೆ ಎಣ್ಣೆಯನ್ನು ಇಮ್ಮಡಿ ಮಾಡಿ, ಅಂದರೆ ಇಪ್ಪತ್ತೈದಕ್ಕೊಂದು ಪಾಲು ಬೆರೆಸಿ, ಪೂರ್ಣ ವೇಗಕ್ಕೇರಿಸದೆ ನಡೆಸಬೇಕು.