ಕೇಸರಿ ಬೇಳೆಯ ವಿಷ, ನರಕೋಶಗಳ ಮಾತು

ಬರಗಾಲದಲ್ಲಿ ಬೇರೆ ಬೆಳೆಯೆಲ್ಲ ಒಣಗಿದರೂ ಕೇಸರಿ ಬೇಳೆ ಗಿಡ ತಡೆದುಕೊಳ್ಳುತ್ತದೆ. ಮಧ್ಯ ಭಾರತದ ಬಡವರು ತಿಂಗಳುಗಟ್ಟಲೆ ಅದನ್ನೇ ತಿಂದರು. ಎಷ್ಟೋ ಜನರ ಕಾಲು ಸೆಟೆದುಕೊಂಡು ಮತ್ತೆ ಸರಿಹೋಗಲೇ ಇಲ್ಲ. ಅಲ್ಲಿನ ಸಾಗರ್ ಸೀಮೆಯ ಈ ಸಂಕಟವನ್ನು ಬ್ರಿಟಿಷ್ ಅಧಿಕಾರಿ ಸ್ಲೀಮನ್ 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ.

ಇದಕ್ಕೆ ಕಾರಣವಾದ ವಿಷ ಕೈಗೆ ಸಿಕ್ಕಿದ್ದು 1964ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮಾ ಆ ಕಾಳಿನಿಂದ ಒಂದು ಅಮೈನೊ ಆಮ್ಲವನ್ನು ಬೇರ್ಪಡಿಸಿದರು. ದೆಹಲಿಯ ತಂಡವೊಂದೂ ಅದೇ ವರ್ಷ ಅದನ್ನು ಗುರುತಿಸಿತು. ರಚನೆಯಲ್ಲಿ ಅದು ಗ್ಲುಟಮೇಟ್‌ಗೆ ಹತ್ತಿರದ್ದು.

ಅಜಿನೊಮೊಟೊ ಎಂದು ನಾವು ಕರೆಯುವುದು ಈ ಗ್ಲುಟಮೇಟ್‌ನ ಲವಣವನ್ನೇ. ನಮ್ಮ ಜೀವಕೋಶಗಳಲ್ಲೆಲ್ಲ ಗ್ಲುಟಮೇಟ್ ಇದೆ. ಎಲ್ಲೆಲ್ಲೂ ಇರುವುದರಿಂದಲೇ ಅದು ನರಕೋಶಗಳ ನಡುವೆ ಸಂದೇಶ ಒಯ್ಯುವ ವಸ್ತುವೆಂದು ನಂಬುವುದು ಕಷ್ಟವಾಯಿತು. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ 1959ರ ಹೊತ್ತಿಗೆ ಡೇವಿಡ್ ಕರ್ಟಿಸ್, ಜಾನ್ ಫಿಲಿಸ್, ಜೆಫ್ ವಾಟ್‌ಕಿನ್ಸ್ ಅದನ್ನು ಬೆಕ್ಕಿನ ಬೆನ್ನುಹುರಿಯ ನರಕೋಶಗಳಿಗೆ ಸೋಕಿಸಿದರು. ಕೋಶಗಳು ಕೆರಳಿದವು. ಆದರೂ ಇದು ಸಂದೇಶವಾಹಕವಲ್ಲ ಎಂದೇ ಅವರು ತೀರ್ಮಾನಿಸಿದರು. ಮುಟ್ಟಿದ ಕೋಶವನ್ನೆಲ್ಲ ಕೆರಳಿಸುವ ವಸ್ತು ನಿರ್ದಿಷ್ಟ ಸಂದೇಶವನ್ನು ಹೇಗೆ ಒಯ್ದೀತು ಎಂಬುದು ಅವರ ವಾದ. ಕಣ್ಣೆದುರಿಗಿದ್ದ ಉತ್ತರವನ್ನು ಕೈಬಿಟ್ಟ ಈ ತೀರ್ಪು ನನಗೆ ಇಂದಿಗೂ ಬೇಸರ ತರಿಸುತ್ತದೆ.

ವಾಟ್‌ಕಿನ್ಸ್ ಮಾತ್ರ ಪಟ್ಟು ಬಿಡಲಿಲ್ಲ. ಗ್ಲುಟಮೇಟ್ ಹೋಲುವ ವಸ್ತುಗಳನ್ನು ತಯಾರಿಸುತ್ತಲೇ ಹೋದರು. ಎನ್‌ಎಂಡಿಎ ಎಂಬ ವಸ್ತು ಬಂದದ್ದು ಹಾಗೆ. ಬೆಂಗಳೂರಿನಲ್ಲಿ ಸಿಕ್ಕ ಕೇಸರಿ ಬೇಳೆಯ ವಿಷವನ್ನೂ ಅವರು ಕರ್ಟಿಸ್ ಜೊತೆಗೂಡಿ ಪರೀಕ್ಷಿಸಿ, 1966ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಬರಬರುತ್ತ ಸತ್ಯ ತಿಳಿಯಾಯಿತು: ಗ್ಲುಟಮೇಟ್ ಮಿದುಳಿನ ಮುಖ್ಯ ಉದ್ದೀಪಕ ಸಂದೇಶವಾಹಕ, ಅದನ್ನು ಬರಮಾಡಿಕೊಳ್ಳುವ ರಿಸೆಪ್ಟರ್‌ಗಳು ಹಲವು ಬಗೆ.

ಅವುಗಳಲ್ಲಿ ಒಂದು ಬಗೆಯಾದ ಆಂಪಾ ರಿಸೆಪ್ಟರ್‌ಗೆ ಗ್ಲುಟಮೇಟ್ ಅಂಟಿದೊಡನೆ ದಾರಿ ತೆರೆದು ಸೋಡಿಯಂ ಒಳನುಗ್ಗುತ್ತದೆ, ಕೋಶ ಎಚ್ಚೆತ್ತುಕೊಳ್ಳುತ್ತದೆ. ಇನ್ನೊಂದು ಬಗೆಯಾದ ಎನ್‌ಎಂಡಿಎ ರಿಸೆಪ್ಟರ್‌ನ ದಾರಿಗೆ ಮೆಗ್ನೀಸಿಯಂ ಬಿರಡೆಯಂತೆ ಕೂತಿರುತ್ತದೆ. ಕೋಶ ಮೊದಲೇ ಉದ್ರೇಕಗೊಂಡಿದ್ದರೆ ಮಾತ್ರ ಅದು ಜರುಗಿ ಕ್ಯಾಲ್ಸಿಯಂ ಒಳಬರುತ್ತದೆ, ಎರಡು ಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುತ್ತದೆ. ಈ ಎನ್‌ಎಂಡಿಎ ರಿಸೆಪ್ಟರನ್ನು ತಡೆದರೆ, ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪ್ಪೊಕ್ಯಾಂಪಸ್‌ನಲ್ಲಿ ಆ ಬಲವರ್ಧನೆ ಆಗುವುದೇ ಇಲ್ಲವೆಂದು 1983ರಲ್ಲಿ ಗ್ರಹಾಂ ಕಾಲಿಂಗ್‌ರಿಜ್ ತಂಡ ತೋರಿಸಿತು. ನೆನಪಿನ ಅಧ್ಯಯನಕ್ಕೆ ಅದು ಹೊಸ ದಿಕ್ಕು.

ಕೇಸರಿ ಬೇಳೆಯ ವಿಷ ಕೆರಳಿಸುವುದು ಆಂಪಾ ರಿಸೆಪ್ಟರ್‌ಗಳನ್ನು.

ತರಗತಿಯಲ್ಲಿ ನರಕೋಶದ ಚಿತ್ರ ಬರೆಸುವ ಮೇಷ್ಟ್ರುಗಳೇ, ಕ್ಯಾನ್‌ಬೆರಾದ ಹೆಸರುಗಳ ಜೊತೆ ರಾವ್, ಅಡಿಗ, ಶರ್ಮಾ ಹೆಸರನ್ನೂ ದಯವಿಟ್ಟು ಮಕ್ಕಳಿಗೆ ಹೇಳಿ.