ಒಂದು ಧಾತು, ಎರಡು ಕವಲು

ವಿಜ್ಞಾನದ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕು ಅನೇಕ ವೇಳೆ ವಿಷಯದ್ದಲ್ಲ, ಶಬ್ದದ್ದು. ಫಿಸಿಕ್ಸ್, ಫಿಸಿಯಾಲಜಿ, ಫೈಲಮ್, ಬ್ರಯೋಫೈಟ್, ಎಪಿಫೈಟ್, ಎಪಿಫಿಸಿಸ್ - ಇಂಥ ಹೆಸರುಗಳನ್ನು ಆತ ಒಂದಕ್ಕೊಂದು ನಂಟಿಲ್ಲದ ಕಲ್ಲುಗಳಂತೆ ನೆನಪಿನ ಜೋಳಿಗೆಗೆ ತುಂಬಿಕೊಳ್ಳುತ್ತಾನೆ. ಪರೀಕ್ಷೆ ಮುಗಿದೊಡನೆ ಜೋಳಿಗೆಯನ್ನು ಕೊಡವಿ ಹಗುರಾಗುತ್ತಾನೆ. ಆದರೆ ಇವು ಕಲ್ಲುಗಳಲ್ಲ, ಒಂದೇ ಬೇರಿನಿಂದ ಒಡೆದ ಚಿಗುರುಗಳು. ಆ ಬೇರಿನ ಇನ್ನೊಂದು ಕವಲು ನಮ್ಮ ನಿತ್ಯದ ಮಾತಿನಲ್ಲಿಯೇ ಹಬ್ಬಿದೆ ಎಂಬುದನ್ನು ಅರಿತರೆ, ಪರಕೀಯವೆಂದು ತೋರಿದ ಪರಿಭಾಷೆ ಅಷ್ಟೊಂದು ಪರಕೀಯವಾಗಿ ಉಳಿಯುವುದಿಲ್ಲ.

ಗ್ರೀಕ್ ಭಾಷೆಯಲ್ಲಿ ಬೆಳೆ, ಹುಟ್ಟು, ಚಿಗುರು ಎಂಬ ಅರ್ಥಗಳುಳ್ಳ ಧಾತುವೊಂದಿದೆ. ಅದರಿಂದ ಹುಟ್ಟಿದ ನಾಮಪದ ‘ಫುಸಿಸ್’. ಹೋಮರನ ಎರಡು ಮಹಾಕಾವ್ಯಗಳಲ್ಲಿ ಈ ಪದ ಬರುವುದು ಒಂದೇ ಒಂದು ಸಲ, ಅದೂ ಒಂದು ಗಿಡದ ಮಾತಿನಲ್ಲಿ. ‘ಒಡಿಸ್ಸಿ’ಯ ನಾಯಕ ಮಾಟಗಾತಿ ಸರ್ಸಿಯ ಮನೆಗೆ ಹೋಗುತ್ತಿದ್ದಾಗ ಹರ್ಮೀಸ್ ದೇವತೆ ಅಡ್ಡಬಂದು, ನೆಲದಿಂದ ಒಂದು ಮೂಲಿಕೆಯನ್ನು ಕಿತ್ತು ಅದರ ‘ಫುಸಿಸ್’ ಅನ್ನು ತೋರಿಸುತ್ತಾನೆ. ಅದರ ಬೇರು ಕಪ್ಪು, ಹೂವು ಹಾಲಿನಂತೆ ಬಿಳುಪು. ಆ ಗಿಡ ಹೇಗೆ ಬೆಳೆದಿದೆಯೋ ಅದೇ ಅದರ ಗುಣ. ಮುಂದೆ ಇಡೀ ನಿಸರ್ಗವನ್ನು ಹೇಳಲು ನಿಂತ ಪದದ ಮೊದಲ ಚಿತ್ರವೇ ಬೇರು ಮತ್ತು ಹೂವು ಎಂಬುದು ನೆನಪಿಡತಕ್ಕ ಸಂಗತಿ.

ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಈ ಪದಕ್ಕೆ ತತ್ತ್ವದ ಗಾಂಭೀರ್ಯವನ್ನು ತಂದುಕೊಟ್ಟನು. ಚಲನೆಗೂ ನಿಲುಗಡೆಗೂ ಕಾರಣವನ್ನು ತನ್ನೊಳಗೇ ಇಟ್ಟುಕೊಂಡಿರುವುದು ಸಹಜ ವಸ್ತು. ಆ ಕಾರಣ ಹೊರಗಿನ ಕೈಯಲ್ಲಿದ್ದರೆ ಅದು ಕೃತಕ ವಸ್ತು. ಇದನ್ನು ಚರ್ಚಿಸುವಾಗ ಆತ ಆಂಟಿಫೋನ್ ಎಂಬವನ ಸೊಗಸಾದ ದೃಷ್ಟಾಂತವೊಂದನ್ನು ಎತ್ತಿಕೊಳ್ಳುತ್ತಾನೆ. ಒಂದು ಮಂಚವನ್ನು ಮಣ್ಣಿನಲ್ಲಿ ಹೂಳಿ, ಕೊಳೆತ ಮರಕ್ಕೆ ಚಿಗುರೊಡೆಯುವ ಶಕ್ತಿ ಬಂದಿತೆಂದು ಇಟ್ಟುಕೊಳ್ಳಿ. ಆಗ ಮೇಲೇಳುವುದು ಮರವೇ ಹೊರತು ಮತ್ತೊಂದು ಮಂಚವಲ್ಲ. ಬಡಗಿ ಕೊಟ್ಟ ಆಕಾರ ಮೇಲಿನದು, ಒಳಗಿನ ಬೆಳೆ ಮರದ್ದು. ‘ಫಿಸಿಕ್ಸ್’ ಎಂಬ ಶಾಸ್ತ್ರನಾಮ ಹುಟ್ಟಿದ್ದು ಇಂಥ ವಿಚಾರದ ನೆಲದಲ್ಲಿ.

ಅರಿಸ್ಟಾಟಲನ ಬಳಿಕ ಅವನ ವಿದ್ಯಾಪೀಠದ ಹೊಣೆ ಹೊತ್ತವನು ಥಿಯೋಫ್ರಾಸ್ಟಸ್. ಗಿಡಗಳನ್ನು ಕುರಿತು ಈತ ಬರೆದ ಎರಡು ದೊಡ್ಡ ಗ್ರಂಥಗಳು ಉಳಿದು ಬಂದಿವೆ. ಅಲೆಕ್ಸಾಂಡರನ ದಂಡಯಾತ್ರೆಯಲ್ಲಿ ಬಂದವರ ವರದಿಗಳನ್ನು ಆಧರಿಸಿ ಈತ ನಮ್ಮ ಆಲದ ಮರವನ್ನೂ ವರ್ಣಿಸಿದ್ದಾನೆ. ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಸೇರಿ ಬೇರೂರುವುದು ಆ ದೂರದ ಪಂಡಿತನಿಗೆ ವಿಸ್ಮಯವೆನಿಸಿರಬೇಕು. ಗಿಡಕ್ಕೆ ಗ್ರೀಕರ ಹೆಸರು ‘ಫುತೊನ್’, ಎಂದರೆ ‘ಬೆಳೆದದ್ದು’. ಇಂದಿನ ಸಸ್ಯಶಾಸ್ತ್ರದಲ್ಲಿ ‘ಫೈಟ್’ ಎಂದು ಮುಗಿಯುವ ಪದಗಳಲ್ಲೆಲ್ಲ ಇರುವುದು ಇದೇ. ಹಾವಸೆಯ ಜಾತಿಯವು ಬ್ರಯೋಫೈಟ್. ಒಣನೆಲದಲ್ಲಿ ಬದುಕುವುವು ಜೀರೋಫೈಟ್. ಬೇರೆ ಗಿಡದ ಮೇಲೆ ಕುಳಿತು, ಅದರ ಸಾರವನ್ನು ಹೀರದೆ, ಮಳೆ ಗಾಳಿಗಳಿಂದಲೇ ಬದುಕುವುವು ಎಪಿಫೈಟ್. ಮಲೆನಾಡಿನ ಮರಗಳ ಮೇಲೆ ತೂಗುವ ಸೀತಾಳೆ ದಂಡೆ ಈ ಕೊನೆಯದಕ್ಕೆ ಉದಾಹರಣೆ. ಕ್ರೈಸ್ತ ಧರ್ಮಕ್ಕೆ ಹೊಸದಾಗಿ ಸೇರಿದವನನ್ನು ‘ನಿಯೋಫೈಟ್’ ಎಂದರು. ಅಕ್ಷರಶಃ ‘ಹೊಸದಾಗಿ ನೆಟ್ಟ ಸಸಿ’.

ಕೂಡಿ ಬೆಳೆದ ಜನವೂ ಒಂದು ಬೆಳೆಯೇ. ಕುಲ, ಬುಡಕಟ್ಟು ಎಂಬರ್ಥದ ‘ಫೂಲೊನ್’ ಈ ಧಾತುವಿನ ಮತ್ತೊಂದು ಸಂತಾನ. ಜರ್ಮನಿಯ ಜೀವಶಾಸ್ತ್ರಜ್ಞ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಜೀವಿಗಳ ವಂಶವೃಕ್ಷವನ್ನು ಬರೆದಾಗ ಇದನ್ನೇ ಬಳಸಿದನು. ಅದು ‘ಫೈಲಮ್’ ಎಂದು ನೆಲೆಯಾಯಿತು. ಕನ್ನಡದಲ್ಲಿ ಇದಕ್ಕೆ ‘ವಂಶ’ ಎನ್ನುತ್ತಾರೆ. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು. ಗೆಣ್ಣು ಗೆಣ್ಣಾಗಿ ಏರುವ ಬಿದಿರೇ ತಲೆಮಾರುಗಳಿಗೆ ಹೆಸರಾಯಿತು. ಗ್ರೀಕರು ಬೆಳವಣಿಗೆಯಲ್ಲಿ ಕುಲವನ್ನು ಕಂಡರು, ನಮ್ಮವರು ಬಿದಿರಿನಲ್ಲಿ ಕಂಡರು. ಎರಡೂ ನೆಲದಿಂದ ಎದ್ದ ಉಪಮೆಗಳೇ. ಇಲ್ಲಿ ಎಚ್ಚರವೂ ಬೇಕು. ಕ್ಲೋರೋಫಿಲ್ ಎಂಬಲ್ಲಿರುವುದು ಎಲೆ ಎಂಬರ್ಥದ ‘ಫುಲ್ಲೊನ್’. ಕಿವಿಗೆ ಸಮೀಪವಾದರೂ ಅದರ ಮೂಲ ಬೇರೆ. ಧ್ವನಿಸಾಮ್ಯವನ್ನೇ ನಂಬಿ ಸಂಬಂಧ ಕಟ್ಟುವುದು ವ್ಯುತ್ಪತ್ತಿಯಲ್ಲ, ವಿನೋದ.

ನಮ್ಮ ಮೈಯೊಳಗೂ ಈ ಪದ ಮನೆಮಾಡಿದೆ. ಎರಡು ಎಲುಬುಗಳು ಕೂಡಿ ಬೆಳೆದ ಸಂಧಿ ‘ಸಿಂಫಿಸಿಸ್’. ಉದ್ದ ಎಲುಬಿನ ತುದಿಯ ಭಾಗ ‘ಎಪಿಫಿಸಿಸ್’, ಎಂದರೆ ‘ಮೇಲೆ ಬೆಳೆದದ್ದು’. ಮಕ್ಕಳಲ್ಲಿ ಈ ತುದಿಗೂ ನಡುವಿನ ದಂಡಕ್ಕೂ ಮಧ್ಯೆ ಮೃದ್ವಸ್ಥಿಯ ತೆಳುವಾದ ಪಟ್ಟಿಯೊಂದಿರುತ್ತದೆ. ಮಗು ಎತ್ತರವಾಗುವುದು ಅಲ್ಲಿಂದಲೇ. ಯೌವನದ ಹೊತ್ತಿಗೆ ಅದು ಎಲುಬಾಗಿ ಮುಚ್ಚಿಕೊಂಡರೆ ಎತ್ತರವೂ ನಿಲ್ಲುತ್ತದೆ. ಮೂಳೆಯ ವೈದ್ಯರು ಈ ಪಟ್ಟಿಯನ್ನು ಇಂದಿಗೂ ಯಾವ ಉಪಸರ್ಗವೂ ಇಲ್ಲದೆ ‘ಫೈಸಿಸ್’ ಎಂದೇ ಕರೆಯುತ್ತಾರೆ. ಎರಡೂವರೆ ಸಾವಿರ ವರ್ಷಗಳಿಗೂ ಹಳೆಯದಾದ ಪದ ತನ್ನ ಮೊದಲ ಅರ್ಥದೊಡನೆ ಕ್ಷ-ಕಿರಣದ ಚಿತ್ರದಲ್ಲಿ ಉಳಿದಿದೆ.

ಶಾಸ್ತ್ರನಾಮದಲ್ಲಿ ಮಾತ್ರ ಆ ಅರ್ಥ ಮಾಸಿತು. ನಡುಗಾಲದ ಯೂರೋಪಿನಲ್ಲಿ ನಿಸರ್ಗವನ್ನು ಬಲ್ಲವನೇ ವೈದ್ಯ. ಆದುದರಿಂದ ಇಂಗ್ಲಿಷಿನಲ್ಲಿ ವೈದ್ಯನು ‘ಫಿಸಿಷಿಯನ್’ ಆದನು. 1542ರಲ್ಲಿ ಫ್ರಾನ್ಸಿನ ಜೀನ್ ಫರ್ನೆಲ್, ದೇಹದ ಸಹಜ ವ್ಯಾಪಾರಗಳ ವಿಚಾರಕ್ಕೆ ‘ಫಿಸಿಯಾಲಜಿ’ ಎಂಬ ಹೆಸರನ್ನು ಬಳಸಿದನು. ಬೆಳಕು, ಶಾಖ, ಚಲನೆಗಳನ್ನು ಶೋಧಿಸುವವನಿಗೆ ಪ್ರತ್ಯೇಕ ಹೆಸರು ಬೇಕಾದಾಗ, ಹಳೆಯದನ್ನು ವೈದ್ಯನು ಆಕ್ರಮಿಸಿದ್ದರಿಂದ, ವಿಲಿಯಂ ಹ್ಯೂವೆಲ್ 1840ರಲ್ಲಿ ‘ಫಿಸಿಸಿಸ್ಟ್’ ಎಂಬುದನ್ನು ಟಂಕಿಸಿದನು. ಹೀಗೆ ಬೆಳೆಯುವುದೆಲ್ಲ ಜೀವಶಾಸ್ತ್ರದ ಪಾಲಿಗೆ ಹೋಗಿ, ಬೆಳವಣಿಗೆಯ ಹೆಸರು ಮಾತ್ರ ಜಡದ್ರವ್ಯದ ಶಾಸ್ತ್ರಕ್ಕೆ ಉಳಿಯಿತು.

ಇನ್ನು ನಮ್ಮ ಕಡೆಯ ಕವಲು. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದನು. 1816ರಲ್ಲಿ ಫ್ರಾನ್ಸ್ ಬಾಪ್ ಅವುಗಳ ಕ್ರಿಯಾರೂಪಗಳನ್ನು ಹೋಲಿಸಿ ತೋರಿಸಿದನು. ಸಂಸ್ಕೃತದ ‘ಭ’ಕಾರಕ್ಕೆ ಗ್ರೀಕಿನಲ್ಲಿ ‘ಫ’ಕಾರ ಬರುತ್ತದೆ: ‘ಭ್ರಾತೃ’ ಅಲ್ಲಿ ‘ಫ್ರಾತೇರ್’. ಪ್ರಾಚೀನ ಗ್ರೀಕರ ಈ ಅಕ್ಷರ ಇಂಗ್ಲಿಷಿನಂತೆ ಹಲ್ಲು ತುಟಿಗಳದಲ್ಲ. ನಮ್ಮ ವರ್ಣಮಾಲೆಯ ಮಹಾಪ್ರಾಣ ‘ಫ’ವೇ. ಈ ಲೆಕ್ಕದಲ್ಲಿ ‘ಫುಸಿಸ್’ಗೆ ಸಹೋದರವಾದ ಧಾತು ‘ಭೂ’: ಆಗು, ಇರು, ಉಂಟಾಗು. ಇಂಗ್ಲಿಷಿನ ‘ಬಿ’ ಕ್ರಿಯಾಪದವೂ ಇದೇ ಮನೆಯದು. ದ್ರಾವಿಡ ಕುಲದ ಕನ್ನಡ, ಸಂಸ್ಕೃತದ ಮೂಲಕ ಭೂಮಿ, ಸಂಭವ, ಅನುಭವ, ಭವಿಷ್ಯ, ಸ್ವಭಾವಗಳನ್ನು ಪಡೆಯಿತು. ‘ಆದದ್ದು’ ಎಂಬರ್ಥದ ‘ಭೂತ’ವನ್ನೂ ಪಡೆಯಿತು. ಭೂತದಿಂದ ಭೌತ, ಭೌತದಿಂದ ಭೌತಶಾಸ್ತ್ರ. ಫಿಸಿಕ್ಸ್ ಎಂಬುದಕ್ಕೆ ಭೌತಶಾಸ್ತ್ರವೆಂದಾಗ ನಾವು ಮಾಡಿದ್ದು ಭಾಷಾಂತರವಷ್ಟೇ ಅಲ್ಲ, ಅಗಲಿದ ಸೋದರರ ಭೇಟಿ!

ಲ್ಯಾಟಿನ್ನಿನ ‘ನಾತೂರ’ದಲ್ಲಿ ಹುಟ್ಟಿದೆ, ಗ್ರೀಕಿನ ‘ಫುಸಿಸ್’ನಲ್ಲಿ ಬೆಳೆ ಇದೆ, ನಮ್ಮ ‘ಪ್ರಕೃತಿ’ಯಲ್ಲಿ ‘ಕೃ’ ಧಾತುವಿನ ಮಾಟವಿದೆ. ಒಂದೇ ಜಗತ್ತನ್ನು ಮೂರು ಜನ ಮೂರು ಬಾಗಿಲುಗಳಿಂದ ಕಂಡರು. ಪದವನ್ನು ಒಡೆದು ತೋರಿಸದೆ ಹೋದರೆ ಈ ಮೂರು ನೋಟಗಳೂ ವಿದ್ಯಾರ್ಥಿಗೆ ಮುಚ್ಚಿಹೋಗುತ್ತವೆ. ಉಳಿಯುವುದು ಬರಿಯ ಸದ್ದು.

ಪರಿಭಾಷೆ ಗ್ರೀಕಿನದಿರಲಿ, ಸಂಸ್ಕೃತದ್ದಿರಲಿ, ಅಚ್ಚಗನ್ನಡದ್ದಿರಲಿ ಎಂಬ ವಾದ ಹಳೆಯದು. ಅದು ನಡೆಯಲಿ. ಆದರೆ ಅರ್ಥವನ್ನು ಕಳೆದುಕೊಂಡ ಮೇಲೆ ಭೌತಶಾಸ್ತ್ರವೂ ಫಿಸಿಕ್ಸಿನಷ್ಟೇ ಪರದೇಶಿ. ತರಗತಿಯಲ್ಲಿ ಹೊಸ ಶಬ್ದ ಬಂದ ದಿನ ಅಧ್ಯಾಪಕರು ಐದು ನಿಮಿಷವನ್ನು ಅದರ ಬೇರಿಗೆ ಮೀಸಲಿಟ್ಟರೆ ಪಾಠಕ್ಕೆ ನಷ್ಟವಾಗದು. ಕನ್ನಡದ ‘ಬೆಳೆ’ ಎಂಬ ಎರಡಕ್ಷರ ಕ್ರಿಯೆಯೂ ಹೌದು, ಹೊಲದಲ್ಲಿ ನಿಂತ ಫಸಲೂ ಹೌದು. ‘ಫುಸಿಸ್’ ಎಂದರೇನೆಂದು ಕೇಳುವ ರೈತನ ಮಗನಿಗೆ ಆ ಒಂದು ಮಾತು ಸಾಕು. ಉಳಿದದ್ದನ್ನು ಅವನು ಬಲ್ಲ.