ಗೀಸರ್ ನೀರು ಬೆಚ್ಚಗಿದ್ದರೆ ಸಾಲದು

ಕರೆಂಟ್ ಬಿಲ್ ಉಳಿಸೋಣ ಅಂತ ನಾನು ನಮ್ಮನೆ ಗೀಸರನ್ನ 40 ಡಿಗ್ರಿಗೆ ಇಟ್ಟಿದ್ದೆ. ಸ್ನಾನಕ್ಕೆ ಅಷ್ಟು ಸಾಕಲ್ವಾ? ಸಾಕು. ಆದರೆ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾಕ್ಕೂ ಅದೇ ಹದ ಬೇಕು.

1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಹೋದವರಲ್ಲಿ ಹಲವರು ನ್ಯುಮೋನಿಯಾದಿಂದ ತೀರಿಕೊಂಡರು. ಆ ಸಂಘದ ಹೆಸರು ‘ಅಮೆರಿಕನ್ ಲೀಜನ್’. ಬ್ಯಾಕ್ಟೀರಿಯಾಕ್ಕೆ ಹೆಸರು ಬಂದಿದ್ದು ಅಲ್ಲಿಂದಲೇ.

ಸುಮಾರು 25ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಇದು ಚೆನ್ನಾಗಿ ಬೆಳೆಯುತ್ತೆ. ಶವರಿನ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದಾಗ ಶ್ವಾಸಕೋಶ ಸೇರುತ್ತೆ. ಆರೋಗ್ಯವಾಗಿರೋರಿಗೆ ಅಪಾಯ ಕಡಿಮೆ. ವಯಸ್ಸಾದವರಿಗೆ, ಬೀಡಿ ಸಿಗರೇಟ್ ಸೇದೋರಿಗೆ ಜಾಸ್ತಿ. ನಮ್ಮ ತಾತ ಎರಡೂ ಪಟ್ಟಿಯಲ್ಲಿದ್ದಾರೆ!

ಹಾಗಾಗಿ ಈಗ ಗೀಸರ್ 60 ಡಿಗ್ರಿಯಲ್ಲಿದೆ. ಆ ಬಿಸಿಗೆ ಬ್ಯಾಕ್ಟೀರಿಯಾ ಸಾಯುತ್ತೆ, ಆದರೆ ಚರ್ಮವೂ ಸುಡುತ್ತೆ. ತಣ್ಣೀರು ಬೆರೆಸಿಯೇ ಮೈಮೇಲೆ ಹಾಕ್ಕೊಳ್ಳಿ. ಸೋಲಾರ್ ಇದ್ದರೆ ಮೋಡದ ದಿನ ಕರೆಂಟ್ ಹೀಟರ್ ಹಾಕಿ. ವಾರಗಟ್ಟಲೆ ಊರಿಗೆ ಹೋಗಿ ಬಂದಿದ್ದೀರಾ? ನೀರು ಪೂರ್ತಿ ಕಾಯಿಸಿ, ಕಿಟಕಿ ತೆಗೆದು, ಕೆಲವು ನಿಮಿಷ ನಲ್ಲಿ ಬಿಟ್ಟು ಹೊರಗೆ ನಿಲ್ಲಿ. ಆಮೇಲೆ ಸ್ನಾನ.

ಇವತ್ತೇ ಒಮ್ಮೆ ನಿಮ್ಮನೆ ಗೀಸರಿನ ಗುಂಡಿ ಎಲ್ಲಿದೆ ಅಂತ ನೋಡಿ.